ಹೃದ್ರೋಗಿಗೆ ‘ಕಡಿಮೆ ಮಾಡಿದ್ದೇನೆ’ ಎಂಬುದು ಏಕೆ ಸಾಲದು?

ಹೃದಯಾಘಾತವಾಗಿ ಸ್ಟೆಂಟ್ ಹಾಕಿಸಿಕೊಂಡವರು ಮರುತಪಾಸಣೆಗೆ ಬಂದಾಗ, ‘ಮೊದಲು ದಿನಕ್ಕೆ ಎರಡು ಪ್ಯಾಕು ಸೇದುತ್ತಿದ್ದೆ, ಈಗ ಎರಡೇ ಸಿಗರೇಟು’ ಎಂದು ಸಮಾಧಾನದಿಂದ ಹೇಳುವುದುಂಟು. ಈ ಲೆಕ್ಕದಲ್ಲಿರುವ ತಪ್ಪನ್ನು ಚೆನ್ನಾಗಿ ಅರಿತುಕೊಂಡರೆ ಧೂಮಪಾನ ಮತ್ತು ಹೃದ್ರೋಗದ ಕುರಿತ ಈ ಪಾಠದ ಬಹುಪಾಲು ಅರ್ಥವಾದಂತೆಯೇ ಎಂದು ನನಗನ್ನಿಸುತ್ತದೆ.

ಹೃದಯಕ್ಕೆ ಒದಗುವ ಅಪಾಯವು ಸಿಗರೇಟುಗಳ ಸಂಖ್ಯೆಗೆ ತಕ್ಕಂತೆ ಸಮನಾಗಿ ಏರುವುದಿಲ್ಲ. ಮೊದಲ ಒಂದೆರಡರಲ್ಲೇ ಥಟ್ಟನೆ ಏರಿ, ಆಮೇಲೆ ನಿಧಾನವಾಗುತ್ತದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ದಿನಕ್ಕೆ 20 ಸಿಗರೇಟು ಸೇದುವವರಿಗಿರುವ ಹೆಚ್ಚುವರಿ ಹೃದ್ರೋಗದ ಅಪಾಯದಲ್ಲಿ ಸುಮಾರು ಅರ್ಧದಷ್ಟು, ದಿನಕ್ಕೆ ಒಂದೇ ಒಂದು ಸೇದುವವರಿಗೂ ಇರುತ್ತದೆ. ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್ ಕಣಗಳು ಒಂದಕ್ಕೊಂದು ಅಂಟಿಕೊಳ್ಳುವುದಕ್ಕೂ ರಕ್ತನಾಳದ ಒಳಪದರವು ನಾಳವನ್ನು ಹಿಗ್ಗಿಸುವ ಶಕ್ತಿಯನ್ನು ಕಳೆದುಕೊಳ್ಳುವುದಕ್ಕೂ ಸ್ವಲ್ಪ ಹೊಗೆಯೇ ಸಾಕಾಗುವುದು ಇದಕ್ಕೆ ಮುಖ್ಯ ಕಾರಣ. ಇದರ ಜೊತೆಗೆ, ನಿಕೋಟಿನ್ ನಾಡಿಬಡಿತವನ್ನೂ ರಕ್ತದೊತ್ತಡವನ್ನೂ ಏರಿಸಿ ಹೃದಯದ ಆಮ್ಲಜನಕದ ಬೇಡಿಕೆಯನ್ನು ಹೆಚ್ಚಿಸುವ ಹೊತ್ತಿನಲ್ಲೇ, ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್ನಿಗೆ ಅಂಟಿಕೊಂಡು ಆಮ್ಲಜನಕದ ಪೂರೈಕೆಯನ್ನು ತಗ್ಗಿಸುತ್ತದೆ. ಬೀಡಿಯಲ್ಲಿ ತಂಬಾಕು ಕಡಿಮೆ ಇರುವುದು ನಿಜವಾದರೂ, ಆರದಂತೆ ಮತ್ತೆ ಮತ್ತೆ ದಮ್ಮು ಎಳೆಯಬೇಕಾಗುವುದರಿಂದ ಅದು ಹೃದಯಕ್ಕೆ ಸೌಮ್ಯವೆಂದು ಯಾರೂ ಭಾವಿಸಬಾರದು.

ಪೂರ್ತಿ ಬಿಟ್ಟವರಿಗೆ ಸಿಗುವ ಲಾಭ ಬಹಳ ದೊಡ್ಡದು. 2003ರಲ್ಲಿ ಪ್ರಕಟವಾದ ಒಂದು ಪ್ರಮುಖ ವಿಮರ್ಶೆಯಲ್ಲಿ, ಹೃದಯದ ರಕ್ತನಾಳದ ಕಾಯಿಲೆಯಿದ್ದು ಧೂಮಪಾನ ಬಿಟ್ಟವರ ಸಾವಿನ ಅಪಾಯವು ಮುಂದುವರಿಸಿದವರಿಗಿಂತ ಶೇ 36ರಷ್ಟು ಕಡಿಮೆಯಿತ್ತು. ಮಾತ್ರೆಗಳನ್ನು ತಪ್ಪದೆ ಬರೆದುಕೊಡುವ ವೈದ್ಯರಾದ ನಾವು, ಧೂಮಪಾನ ಬಿಡಿಸುವ ಈ ಚಿಕಿತ್ಸೆಯನ್ನು ‘ಸೇದಬೇಡಿ’ ಎಂಬ ಒಂದು ಮಾತಿಗೆ ಇಳಿಸುವುದು ರೋಗಿಗೆ ಮಾಡುವ ಅನ್ಯಾಯ.

ಸೇದುವುದನ್ನು ಬಿಡಲು ನೆರವಾಗುವ ನಿಕೋಟಿನ್ ಗಮ್ ಹೃದಯಕ್ಕೆ ಕೆಟ್ಟದಲ್ಲವೇ ಎಂಬ ಸಂದೇಹ ಸಹಜ. ಆದರೆ ಗಮ್ಮಿನಲ್ಲಿ ಕಾರ್ಬನ್ ಮೊನಾಕ್ಸೈಡೂ ಇಲ್ಲ, ಹೊಗೆಯೂ ಇಲ್ಲ. ನಿಕೋಟಿನ್ ಕೂಡ ನಿಧಾನವಾಗಿ ರಕ್ತವನ್ನು ಸೇರುತ್ತದೆ. ಸ್ಥಿರ ಸ್ಥಿತಿಯಲ್ಲಿರುವ ಹೃದ್ರೋಗಿಗಳು ವೈದ್ಯರ ಸಲಹೆಯಂತೆ ಅದನ್ನು ಬಳಸಬಹುದು. ಅದನ್ನು ಚೂಯಿಂಗ್ ಗಮ್ಮಿನಂತೆ ಒಂದೇ ಸಮನೆ ಜಗಿಯದೆ, ಖಾರವೆನಿಸಿದಾಗ ಕೆನ್ನೆಯ ಒಳಗೆ ಇಟ್ಟುಕೊಳ್ಳಬೇಕೆಂದು ಕಲಿಸಿಕೊಡುವುದು ಅಗತ್ಯ. ಸೇದುವ ಹಂಬಲವನ್ನು ತಗ್ಗಿಸುವ ವರೆನಿಕ್ಲಿನ್ ಮಾತ್ರೆಯೂ ಉಂಟು: ಹೃದಯಾಘಾತದಂಥ ತುರ್ತು ಕಾಯಿಲೆಯಿಂದ ಆಸ್ಪತ್ರೆ ಸೇರಿದವರ ಮೇಲೆ ನಡೆದು 2016ರಲ್ಲಿ ವರದಿಯಾದ ಪ್ರಯೋಗದಲ್ಲಿ, 24 ವಾರಗಳ ನಂತರ ಈ ಮಾತ್ರೆ ಪಡೆದವರಲ್ಲಿ ಶೇ 47ರಷ್ಟು ಮಂದಿ ಸೇದದೆ ಉಳಿದಿದ್ದರೆ, ಹುಸಿಮಾತ್ರೆ ಪಡೆದವರಲ್ಲಿ ಆ ಪ್ರಮಾಣ ಶೇ 32ರಷ್ಟಿತ್ತು. ಸಿಗರೇಟು ಬಿಟ್ಟು ಗುಟ್ಕಾ ಹಿಡಿಯುವುದು ಮಾತ್ರ ಪರ್ಯಾಯವಲ್ಲ.

ಕನ್ನಡಿಗರ ಮನೆಗಳಲ್ಲಿ ಮರೆಯಬಾರದ ಇನ್ನೊಂದು ಅಂಶವೆಂದರೆ ಕಾಫಿ. ಹೊಗೆಯಲ್ಲಿರುವ ಕೆಲವು ವಸ್ತುಗಳು ಯಕೃತ್ತಿನ ಕಿಣ್ವವೊಂದನ್ನು ಚುರುಕುಗೊಳಿಸಿ ಕೆಫೀನನ್ನು ಬೇಗ ಕರಗಿಸುತ್ತವೆ. ಸೇದುವುದನ್ನು ಬಿಟ್ಟೊಡನೆ, ಅಷ್ಟೇ ಲೋಟ ಕಾಫಿ ಕುಡಿದರೂ ರಕ್ತದಲ್ಲಿ ಕೆಫೀನ್ ಮೊದಲಿಗಿಂತ ಹೆಚ್ಚಾಗಿ ಉಳಿಯುತ್ತದೆ. ಆ ದಿನಗಳಲ್ಲಿ ಎದೆ ಡವಗುಟ್ಟಿದರೆ, ನಿದ್ದೆ ಕೆಟ್ಟರೆ, ‘ಬಿಟ್ಟಿದ್ದರಿಂದಲೇ ಹೀಗಾಯಿತು’ ಎಂದು ರೋಗಿ ಮತ್ತೆ ಬೆಂಕಿಪೊಟ್ಟಣಕ್ಕೆ ಕೈಹಾಕುವ ಮೊದಲೇ, ಕಾಫಿಯನ್ನು ಅರ್ಧಕ್ಕೆ ಇಳಿಸಲು ಹೇಳಿರಬೇಕು. ಎದೆನೋವು ಕಂಡರೆ ಮಾತ್ರ ಕಾಫಿಯ ಮೇಲೆ ಹೊರಿಸದೆ ಕೂಡಲೇ ಆಸ್ಪತ್ರೆಗೆ ಬರುವಂತೆಯೂ ತಿಳಿಸಿರಬೇಕು.