ಆ 24 ಎಲ್ಲಿಂದ ಬಂತು?

2023ರ ಸೆಪ್ಟೆಂಬರ್‌ನಲ್ಲಿ ನೊವಾಕ್ ಜೊಕೊವಿಚ್ ಅಮೆರಿಕನ್ ಓಪನ್ ಗೆದ್ದಾಗ ಎಲ್ಲರ ಬಾಯಲ್ಲೂ ಒಂದೇ ಸಂಖ್ಯೆ, 24. ಅದರ ಬೆನ್ನಿಗೇ ಒಂದು ಹೆಸರೂ ಬಂತು: ಆಸ್ಟ್ರೇಲಿಯಾದ ಮಾರ್ಗರೆಟ್ ಕೋರ್ಟ್. ಜೊಕೊವಿಚ್ ಸರಿಗಟ್ಟಿದ್ದು ಐವತ್ತು ವರ್ಷ ಹಳೆಯ ದಾಖಲೆಯನ್ನು. 1973ರಲ್ಲಿ, ಒಂದು ಮಗುವಿನ ತಾಯಿಯಾದ ಮೇಲೆ, ಕೋರ್ಟ್ ತಮ್ಮ 24ನೇ ಗ್ರ್ಯಾಂಡ್ ಸ್ಲಾಮ್ (ಆಸ್ಟ್ರೇಲಿಯಾ, ಫ್ರೆಂಚ್, ವಿಂಬಲ್ಡನ್, ಅಮೆರಿಕ ಎಂಬ ನಾಲ್ಕು ದೊಡ್ಡ ಟೂರ್ನಿಗಳು) ಸಿಂಗಲ್ಸ್ ಗೆದ್ದಿದ್ದರು. (ಟೆನಿಸ್ ಆಡುವ ಜಾಗವೂ ಕೋರ್ಟ್, ಆಡಿದವರ ಹೆಸರೂ ಕೋರ್ಟ್! ಹುಟ್ಟಿದಾಗ ಇವರು ಮಾರ್ಗರೆಟ್ ಸ್ಮಿತ್. ಕೋರ್ಟ್ ಅನ್ನೋದು ಗಂಡನ ಮನೆಯ ಹೆಸರು.)

ಆದರೆ ಮಹಿಳಾ ಟೆನಿಸ್‌ನಲ್ಲಿ ಅತಿ ದೊಡ್ಡ ಆಟಗಾರ್ತಿ ಯಾರು ಅಂತ ಕೇಳಿ ನೋಡಿ. ಹೆಚ್ಚಿನವರು ಸೆರೆನಾ ವಿಲಿಯಮ್ಸ್ ಅಂತಾರೆ, ಇಲ್ಲವೇ ಸ್ಟೆಫಿ ಗ್ರಾಫ್. ಸೆರೆನಾ ಹತ್ತಿರ ಇರುವುದು 23, ಗ್ರಾಫ್ ಹತ್ತಿರ 22. ಜಾಸ್ತಿ ಗೆದ್ದವರ ಹೆಸರು ಮೂರನೆಯದಾಗಿ ಬಂದರೆ ಪುಣ್ಯ. ಯಾಕೆ ಹೀಗೆ?

ಕೋರ್ಟ್ ಅವರ 24ನ್ನು ಬಿಡಿಸಿ ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ಫ್ರೆಂಚ್ 5, ವಿಂಬಲ್ಡನ್ 3, ಅಮೆರಿಕ 5. ಉಳಿದ 11 ಪೂರ್ತಿ ಆಸ್ಟ್ರೇಲಿಯಾದ್ದು. ಅದರಲ್ಲೂ 1960ರಿಂದ 1966ರವರೆಗೆ ಒಂದು ವರ್ಷವೂ ಬಿಡದೆ ಏಳು ಸಲ ಗೆದ್ದರು. ಮೊದಲ ನಾಲ್ಕು ಫೈನಲ್‌ಗಳಲ್ಲಿ ಎದುರಾಳಿ ಒಬ್ಬರೇ, ತಮ್ಮದೇ ದೇಶದ ಜ್ಯಾನ್ ಲೆಹೇನ್. 1966ರ ಫೈನಲ್ ಅಂತೂ ನಡೆಯಲೇ ಇಲ್ಲ. ಅಮೆರಿಕದ ನ್ಯಾನ್ಸಿ ರಿಚೀ ಮೊಣಕಾಲು ನೋವಿನಿಂದ ಹಿಂದೆ ಸರಿದರು, ಕಪ್ ಕೋರ್ಟ್ ಕೈಗೆ ಬಂತು.

ಆಗಿನ ಆಸ್ಟ್ರೇಲಿಯಾ ಟೂರ್ನಿಯನ್ನು ಈಗ ಮೆಲ್ಬರ್ನ್ ಪಾರ್ಕ್‌ನಲ್ಲಿ ನಡೆಯುವ ಟೂರ್ನಿ ಜೊತೆ ಹೋಲಿಸೋಕೆ ಹೋಗಬೇಡಿ. ಯುರೋಪ್, ಅಮೆರಿಕದವರಿಗೆ ಅದು ಲೋಕದ ಇನ್ನೊಂದು ತುದಿ. ವಿಮಾನದ ಖರ್ಚು ಜಾಸ್ತಿ, ಗೆದ್ದರೆ ಸಿಗುವುದು ಅಷ್ಟಕ್ಕಷ್ಟೆ. ಟೂರ್ನಿಗೆ ಒಂದು ಸ್ವಂತ ಮನೆಯೂ ಇರಲಿಲ್ಲ. ಬ್ರಿಸ್ಬೇನ್, ಸಿಡ್ನಿ, ಅಡಿಲೇಡ್ ಅಂತ ಊರೂರು ಸುತ್ತಿ 1972ರಲ್ಲಿ ಮೆಲ್ಬರ್ನ್‌ನ ಕೂಯಾಂಗ್‌ನಲ್ಲಿ ನೆಲೆ ನಿಂತಿತು. ಹೊರಗಿನ ದೊಡ್ಡ ಆಟಗಾರರು ಮನಸ್ಸಾದರೆ ಬರುತ್ತಿದ್ದರು, ಇಲ್ಲದಿದ್ದರೆ ಇಲ್ಲ.

ಹಾಗಂತ ಕೋರ್ಟ್ ಅವರದ್ದು ಪುಕ್ಕಟೆ ದಾಖಲೆ ಅಂತ ತಳ್ಳಿಹಾಕುವವರನ್ನೂ ನಾನು ಒಪ್ಪುವುದಿಲ್ಲ. 1970ರ ವಿಂಬಲ್ಡನ್ ಫೈನಲ್ ಒಂದನ್ನೇ ತೆಗೆದುಕೊಳ್ಳಿ. ಎದುರಿಗೆ ಬಿಲ್ಲಿ ಜೀನ್ ಕಿಂಗ್. ಕೋರ್ಟ್ ಅವರ ಕಾಲಿನ ಗಿಣ್ಣು ಊದಿಕೊಂಡಿತ್ತು, ನೋವು ತಡೆಯುವ ಇಂಜೆಕ್ಷನ್ ತೆಗೆದುಕೊಂಡೇ ಅಂಕಣಕ್ಕೆ ಇಳಿದಿದ್ದರು. ಕಿಂಗ್ ಅವರದ್ದು ಮೊಣಕಾಲಿನ ಸಮಸ್ಯೆ. ಸಮಬಲವಾದ ಸೆಟ್ಟನ್ನು ಬೇಗ ಮುಗಿಸುವ ಟೈಬ್ರೇಕರ್ ಇನ್ನೂ ವಿಂಬಲ್ಡನ್‌ಗೆ ಕಾಲಿಟ್ಟಿರಲಿಲ್ಲ. ಎರಡು ಗೇಮ್ ಅಂತರ ಸಿಗುವವರೆಗೆ ಆಡುತ್ತಲೇ ಇರಬೇಕು. ಮೊದಲ ಸೆಟ್ 14-12. ಎರಡನೆಯದು 11-9. ಎರಡೇ ಸೆಟ್‌ನಲ್ಲಿ 46 ಗೇಮ್! ಕುಂಟುವ ಇಬ್ಬರೂ ಪ್ರತಿ ಸರ್ವ್ ಹಿಂದೆ ನೆಟ್‌ಗೆ ಓಡುತ್ತಿದ್ದರು. ಕೊನೆಗೆ ಗೆದ್ದದ್ದು ಕೋರ್ಟ್. ಕಿಂಗ್ ಮುಂದೆ ಮೊಣಕಾಲಿನ ಆಪರೇಷನ್ ಮಾಡಿಸಿಕೊಳ್ಳಬೇಕಾಯಿತು. ಆ ವರ್ಷ ಕೋರ್ಟ್ ನಾಲ್ಕೂ ಗ್ರ್ಯಾಂಡ್ ಸ್ಲಾಮ್ ಗೆದ್ದರು. ಮಹಿಳೆಯರಲ್ಲಿ ಅದಕ್ಕೆ ಮೊದಲು ಒಂದೇ ವರ್ಷದಲ್ಲಿ ನಾಲ್ಕನ್ನೂ ಗೆದ್ದವರು 1953ರಲ್ಲಿ ಮೌರೀನ್ ಕಾನೊಲಿ ಮಾತ್ರ. ಪಾಪ, ಕಾನೊಲಿ 9 ಪ್ರಶಸ್ತಿ ಗೆದ್ದು, ಇನ್ನೂ 19 ವರ್ಷದವರಿದ್ದಾಗಲೇ ಕುದುರೆ ಸವಾರಿಯಲ್ಲಿ ಅಪಘಾತವಾಗಿ ಆಟವನ್ನೇ ಬಿಡಬೇಕಾಯಿತು.

ಆ 1970ರ ವಿಂಬಲ್ಡನ್ ಕೋರ್ಟ್ ಪಾಲಿಗೆ 19ನೆಯದು. ಅದರೊಂದಿಗೆ ಅಮೆರಿಕದ ಹೆಲೆನ್ ವಿಲ್ಸ್ 1938ರಲ್ಲಿ ಬಿಟ್ಟುಹೋಗಿದ್ದ ದಾಖಲೆ ಸಮವಾಯಿತು. ವಿಲ್ಸ್ ಲೆಕ್ಕ ಮಜವಾಗಿದೆ: ವಿಂಬಲ್ಡನ್ 8, ಅಮೆರಿಕ 7, ಫ್ರೆಂಚ್ 4. ಆಸ್ಟ್ರೇಲಿಯಾಕ್ಕೆ ಒಮ್ಮೆಯೂ ಹೋಗಲಿಲ್ಲ. ಹಡಗಿನಲ್ಲಿ ವಾರಗಟ್ಟಲೆ ಕೂತು ಹೋಗಬೇಕಿದ್ದ ಕಾಲ ಅದು.

ಸುಮ್ನೆ ಕುತೂಹಲಕ್ಕೆ ಎಲ್ಲರ ಲೆಕ್ಕದಿಂದಲೂ ಆಸ್ಟ್ರೇಲಿಯಾವನ್ನು ಕಳೆದು ನೋಡಿದೆ. ವಿಲ್ಸ್ 19, ಗ್ರಾಫ್ 18, ಸೆರೆನಾ 16, ಕ್ರಿಸ್ ಎವರ್ಟ್ 16, ಮಾರ್ಟಿನಾ ನವ್ರಾಟಿಲೋವಾ 15, ಕೋರ್ಟ್ 13. ಪಟ್ಟಿ ತಲೆಕೆಳಗಾಯಿತು. ಇದೂ ನ್ಯಾಯವಲ್ಲ, ಬಿಡಿ. ಸೆರೆನಾ ಆಡಿದ ಆಸ್ಟ್ರೇಲಿಯನ್ ಓಪನ್ ಉಳಿದ ಮೂರಕ್ಕಿಂತ ಯಾವುದರಲ್ಲೂ ಕಡಿಮೆ ಇರಲಿಲ್ಲ.

ಇನ್ನೊಂದು ಗೆರೆ ಇರುವುದು 1968ರಲ್ಲಿ. ಅಲ್ಲಿಯವರೆಗೆ ದುಡ್ಡಿಗಾಗಿ ಆಡುವ ವೃತ್ತಿಪರರಿಗೆ ದೊಡ್ಡ ಟೂರ್ನಿಗಳ ಬಾಗಿಲು ಮುಚ್ಚಿತ್ತು. ಫ್ರಾನ್ಸ್‌ನ ಸುಝಾನ್ ಲಾಂಗ್ಲೆನ್ ಆರು ವಿಂಬಲ್ಡನ್ ಗೆದ್ದು 1926ರಲ್ಲಿ ವೃತ್ತಿಪರರಾದರು. ಅಲ್ಲಿಗೆ ಅವರ ಲೆಕ್ಕ ಮುಗಿಯಿತು. 1968ರಲ್ಲಿ ಬಾಗಿಲು ತೆರೆದ ಮೇಲಿನದ್ದೇ ‘ಓಪನ್ ಯುಗ’. ಕೋರ್ಟ್ ಅವರ 24ರಲ್ಲಿ 13 ಈ ಗೆರೆಯ ಆಚೆ, 11 ಈಚೆ. ಸೆರೆನಾ ಅವರ 23 ಪೂರ್ತಿ ಈಚೆ. ಅದಕ್ಕೇ ಟಿವಿಯಲ್ಲಿ ‘ಓಪನ್ ಯುಗದ ದಾಖಲೆ’ ಅಂತ ಒಂದು ಬಾಲ ಸೇರಿಸಿ ಹೇಳುವುದು.

ಬಾಗಿಲು ತೆರೆದರೂ ದುಡ್ಡು ಎಲ್ಲರಿಗೂ ಒಂದೇ ಆಗಲಿಲ್ಲ. 1968ರ ವಿಂಬಲ್ಡನ್ ಗೆದ್ದ ಗಂಡಸಿಗೆ 2,000 ಪೌಂಡ್, ಗೆದ್ದ ಬಿಲ್ಲಿ ಜೀನ್ ಕಿಂಗ್‌ಗೆ 750. 1970ರಲ್ಲಿ ಕಿಂಗ್ ಸೇರಿ ಒಂಬತ್ತು ಆಟಗಾರ್ತಿಯರು ಹ್ಯೂಸ್ಟನ್‌ನಲ್ಲಿ ತಲಾ ಒಂದು ಡಾಲರ್ ಒಪ್ಪಂದಕ್ಕೆ ಸಹಿ ಹಾಕಿ ತಮ್ಮದೇ ಟೂರ್ನಿ ಶುರು ಮಾಡಿದರು. ಮೂರು ವರ್ಷದ ನಂತರ ಆಟಗಾರ್ತಿಯರ ಸಂಘ ಡಬ್ಲ್ಯೂಟಿಎ ಹುಟ್ಟಿತು. ಅದೇ 1973ರಲ್ಲಿ ಅಮೆರಿಕನ್ ಓಪನ್ ಗಂಡಿಗೂ ಹೆಣ್ಣಿಗೂ ಸಮ ಬಹುಮಾನ ಕೊಟ್ಟಿತು. ವಿಂಬಲ್ಡನ್‌ಗೆ ಆ ಬುದ್ಧಿ ಬಂದದ್ದು 2007ರಲ್ಲಿ.

ಈ ದುಡ್ಡಿನ ವಿಷಯ ದಾಖಲೆಗೂ ತಗುಲಿಕೊಂಡಿದೆ. ಕ್ರಿಸ್ ಎವರ್ಟ್‌ರನ್ನು ನೋಡಿ. 1973ರಿಂದ 1979ರವರೆಗೆ ಮಣ್ಣಿನ ಅಂಕಣದಲ್ಲಿ ಸತತ 125 ಪಂದ್ಯ ಗೆದ್ದವರು. ಅಂಥವರು 1976, 1977, 1978ರಲ್ಲಿ ಮಣ್ಣಿನ ಮೇಲೇ ನಡೆಯುವ ಫ್ರೆಂಚ್ ಓಪನ್‌ಗೆ ಹೋಗಲೇ ಇಲ್ಲ! ಅಮೆರಿಕದಲ್ಲಿ ಆಗ ವರ್ಲ್ಡ್ ಟೀಮ್ ಟೆನಿಸ್ ಲೀಗ್ ನಡೆಯುತ್ತಿತ್ತು, ಒಳ್ಳೆಯ ಸಂಬಳ ಸಿಗುತ್ತಿತ್ತು. ಆಸ್ಟ್ರೇಲಿಯಾಕ್ಕೆ 1974ರಲ್ಲಿ ಒಮ್ಮೆ ಹೋದವರು ಮತ್ತೆ ಹೋದದ್ದು 1981ರಲ್ಲಿ. ಹಾಗಿದ್ದೂ ಎವರ್ಟ್ 18 ಗೆದ್ದರು. ಆಗ ಗ್ರ್ಯಾಂಡ್ ಸ್ಲಾಮ್‌ಗಳನ್ನು ಹೀಗೆ ಬೆರಳು ಮಡಚಿ ಎಣಿಸುವ ರೂಢಿ ಇರಲಿಲ್ಲ. ಇದ್ದಿದ್ದರೆ ಪ್ಯಾರಿಸ್‌ನಲ್ಲಿ ಮೂರನ್ನು ಸುಮ್ಮನೆ ಯಾರಾದರೂ ಬಿಡ್ತಾರಾ?

ಎವರ್ಟ್ ಜೊತೆ 80 ಸಲ ಆಡಿ 43 ಗೆದ್ದ ನವ್ರಾಟಿಲೋವಾ ಸಿಂಗಲ್ಸ್‌ನಲ್ಲಿ ನಿಂತದ್ದೂ 18ಕ್ಕೇ. ಆದರೆ ಅವರು ಡಬಲ್ಸ್ 31, ಮಿಶ್ರ ಡಬಲ್ಸ್ 10 ಗೆದ್ದಿದ್ದಾರೆ. ಒಟ್ಟು 59. ಅದರಲ್ಲಿ 2003ರ ಎರಡು ನಮ್ಮ ಲಿಯಾಂಡರ್ ಪೇಸ್ ಜೊತೆಗಿನವು. ಕೊನೆಯದು 2006ರಲ್ಲಿ, ಐವತ್ತು ತುಂಬಲು ಒಂದು ತಿಂಗಳಿದ್ದಾಗ. ಮೂರೂ ವಿಭಾಗ ಸೇರಿಸಿದರೂ ಮುಂದಿರುವುದು ಮತ್ತೆ ಕೋರ್ಟ್, 64. ಈಗಂತೂ ಸಿಂಗಲ್ಸ್‌ನ ದೊಡ್ಡ ಹೆಸರುಗಳು ಡಬಲ್ಸ್ ಕಡೆ ತಲೆ ಹಾಕುವುದೇ ಅಪರೂಪ.

ಗ್ರಾಫ್ ಲೆಕ್ಕದಲ್ಲಿ ಇರುವುದು ಬೇರೆಯೇ ತರದ ಗೆರೆ. 1988ರಲ್ಲಿ ನಾಲ್ಕು ಗ್ರ್ಯಾಂಡ್ ಸ್ಲಾಮ್ ಜೊತೆಗೆ ಒಲಿಂಪಿಕ್ಸ್ ಚಿನ್ನವನ್ನೂ ಗೆದ್ದ ಆಟಗಾರ್ತಿ. ಆ ವರ್ಷದ ಪ್ಯಾರಿಸ್‌ನ ಫ್ರೆಂಚ್ ಓಪನ್ ಫೈನಲ್ 6-0, 6-0, ಮುಗಿದದ್ದು 34 ನಿಮಿಷಕ್ಕೆ. ಆದರೆ 1991ರ ಹೊತ್ತಿಗೆ ಮೋನಿಕಾ ಸೆಲೆಸ್ ಎಂಬ ಹುಡುಗಿ ಎಲ್ಲರನ್ನೂ ಹಿಂದೆ ಹಾಕಿದ್ದಳು. 1991ರಿಂದ 1993ರ ಆಸ್ಟ್ರೇಲಿಯಾದವರೆಗೆ ಆಡಿದ ಎಂಟು ಗ್ರ್ಯಾಂಡ್ ಸ್ಲಾಮ್‌ಗಳಲ್ಲಿ ಏಳನ್ನು ಗೆದ್ದಳು. 1993ರ ಏಪ್ರಿಲ್ 30ರಂದು ಜರ್ಮನಿಯ ಹ್ಯಾಂಬರ್ಗ್‌ನಲ್ಲಿ, ಗೇಮ್‌ಗಳ ನಡುವೆ ಕುರ್ಚಿಯಲ್ಲಿ ಕೂತಿದ್ದಾಗ, ಗ್ರಾಫ್‌ನ ಹುಚ್ಚು ಅಭಿಮಾನಿಯೊಬ್ಬ ಹಿಂದಿನಿಂದ ಬಂದು ಸೆಲೆಸ್ ಬೆನ್ನಿಗೆ ಚಾಕು ಹಾಕಿದ. ಅವನು ಜೈಲಿಗೆ ಹೋಗಲಿಲ್ಲ, ಶಿಕ್ಷೆ ಅಮಾನತಾಯಿತು. ಸೆಲೆಸ್ ಎರಡು ವರ್ಷಕ್ಕೂ ಹೆಚ್ಚು ಕಾಲ ಆಟದಿಂದ ದೂರ ಉಳಿದಳು, ಜರ್ಮನಿಯಲ್ಲಿ ಮತ್ತೆಂದೂ ಆಡಲಿಲ್ಲ. ಅಲ್ಲಿಯವರೆಗೆ ಗ್ರಾಫ್ ಗೆದ್ದದ್ದು 11. ಆಮೇಲೆ ಗೆದ್ದದ್ದೂ 11. ಇದರಲ್ಲಿ ಗ್ರಾಫ್ ತಪ್ಪು ಏನೇನೂ ಇಲ್ಲ. ಆದರೂ ಆ 22 ಕಣ್ಣಿಗೆ ಬಿದ್ದಾಗಲೆಲ್ಲ ನನಗೆ ಆ ಕುರ್ಚಿ ನೆನಪಾಗುತ್ತದೆ.

ಸೆರೆನಾ ವಿಲಿಯಮ್ಸ್ ಕಥೆ ಎಲ್ಲರಿಗೂ ಗೊತ್ತಿರುವುದೇ, ಉದ್ದ ಎಳೆಯುವುದಿಲ್ಲ. ನಮ್ಮವರು ಆಕೆಯನ್ನು ಹತ್ತಿರದಿಂದ ಕಂಡದ್ದು 2008ರಲ್ಲಿ, ಬೆಂಗಳೂರಿನ ಕಬ್ಬನ್ ಪಾರ್ಕ್‌ನ ಟೆನಿಸ್ ಸ್ಟೇಡಿಯಂನಲ್ಲಿ. ಸೆಮಿಫೈನಲ್‌ನಲ್ಲಿ ಅಕ್ಕ ವೀನಸ್ಸೇ ಎದುರಾಳಿ. ಮೂರನೇ ಸೆಟ್ ಟೈಬ್ರೇಕರ್‌ವರೆಗೆ ಹೋಗಿ ತಂಗಿ ಗೆದ್ದಳು, ಮರುದಿನ ಪ್ರಶಸ್ತಿಯನ್ನೂ. ಆ ಸೆಮಿಫೈನಲ್ ನೋಡಿದವರ ಬಗ್ಗೆ ನನಗೆ ಇವತ್ತಿಗೂ ಹೊಟ್ಟೆಕಿಚ್ಚು.

2017ರ ಆಸ್ಟ್ರೇಲಿಯನ್ ಓಪನ್ ಗೆದ್ದಾಗ ಸೆರೆನಾ ಗರ್ಭಿಣಿ. ಅದು 23ನೆಯದು. ಮಗಳು ಹುಟ್ಟಿದ ಮೇಲೆ ಮರಳಿ ಬಂದು ನಾಲ್ಕು ಫೈನಲ್ ತಲುಪಿದರು, 2018 ಮತ್ತು 2019ರಲ್ಲಿ ವಿಂಬಲ್ಡನ್, ಅಮೆರಿಕ ಎರಡೆರಡು ಸಲ. ನಾಲ್ಕರಲ್ಲಿ ಒಂದು ಸೆಟ್ಟೂ ಗೆಲ್ಲಲಾಗಲಿಲ್ಲ. 2022ರ ಅಮೆರಿಕನ್ ಓಪನ್‌ನಲ್ಲಿ, ಮೂರು ಗಂಟೆ ದಾಟಿದ ಕೊನೆಯ ಪಂದ್ಯದಲ್ಲಿ, ಒಂದರ ಹಿಂದೊಂದು ಮ್ಯಾಚ್ ಪಾಯಿಂಟ್ ಉಳಿಸಿಕೊಂಡು ಕಡೆಗೆ ಚೆಂಡನ್ನು ನೆಟ್‌ಗೆ ಹೊಡೆದರು. ಗೆದ್ದವರು ಅಯ್ಲಾ ತೊಮ್ಲಿಯಾನೊವಿಚ್, ಅವರೂ ಆಸ್ಟ್ರೇಲಿಯಾದವರೇ.

2025ರ ವಿಂಬಲ್ಡನ್ ಫೈನಲ್‌ನಲ್ಲಿ ಪೋಲೆಂಡ್‌ನ ಇಗಾ ಶ್ವಾಂಟೆಕ್ 6-0, 6-0ರಿಂದ ಗೆದ್ದಾಗ 1988ರ ಆ ಪ್ಯಾರಿಸ್ ಫೈನಲ್ ಮತ್ತೆ ಸುದ್ದಿಗೆ ಬಂತು. ಶ್ವಾಂಟೆಕ್‌ಗೆ ಅದು ಆರನೆಯದು. ಆಗ ಆಕೆಯ ವಯಸ್ಸು 24. ಅದೇ ವಯಸ್ಸಿನಲ್ಲಿ ಸೆರೆನಾ ಹತ್ತಿರ ಇದ್ದದ್ದು ಏಳು.