ದಿನದ ಒಂದು ಚಹಾ ಬಸಿಯಲ್ಲಿ ಕುಡಿಯಿರಿ

"ಟೆನ್ಷನ್ ಆದಾಗ ಏನು ಮಾಡ್ತೀರಿ?" ವಿಜಯಪುರದ ನನ್ನ ಕ್ಲಿನಿಕ್ಕಿಗೆ ಆಪ್ತಸಮಾಲೋಚನೆಗೆ ಬಂದವರನ್ನೆಲ್ಲ ನಾನು ಹೀಗೆ ಕೇಳುತ್ತೇನೆ. ಬಹಳ ಮಂದಿ ಹೇಳುವುದು ಒಂದೇ: "ಒಂದ್ ಚಾ ಕುಡೀತೀನ್ರಿ."

ಒಳ್ಳೆಯದೇ. ಆದರೆ ಆ ಚಹಾ ಹೇಗೆ ಕುಡಿದಿರಿ ಅಂತ ಕೇಳಿದರೆ ನೆನಪಿರುವುದಿಲ್ಲ. ಒಂದು ಕೈಯಲ್ಲಿ ಕಪ್ಪು, ಇನ್ನೊಂದರಲ್ಲಿ ಮೊಬೈಲು. ದ್ರಾಕ್ಷಿ ಬೆಳೆದವರು ರೇಟು ನೋಡುತ್ತಾ ಕುಡಿಯುತ್ತಾರೆ, ಬ್ಯಾಂಕಿನವರು ಸಾಹೇಬರ ಮೆಸೇಜ್ ಓದುತ್ತಾ ಕುಡಿಯುತ್ತಾರೆ. ಯಾವುದರಿಂದ ತಲೆ ಕೆಟ್ಟಿತ್ತೋ ಅದೇ ಕಣ್ಣ ಮುಂದೆ. "ದಿನಕ್ಕ ಏಳೆಂಟು ಚಾ ಆಗ್ತಾವ್ರಿ ಮೇಡಮ್ಮರ, ಆದ್ರೂ ತಲಿ ಹಗುರ ಆಗವಲ್ದು" ಎಂದು ತಿಕೋಟಾ ಕಡೆಯ ರೈತರೊಬ್ಬರು ಹೇಳಿದ್ದರು. ಹೇಗೆ ಆದೀತು? ಚಹಾ ಹೊಟ್ಟೆಗೆ ಹೋಗಿದೆ, ಬಿಡುವು ಸಿಕ್ಕಿಲ್ಲ.

ಚಹಾದಲ್ಲೇ ಏನೋ ಇದೆ ಅನ್ನುವುದೂ ಪೂರ್ತಿ ಸುಳ್ಳಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 75 ಗಂಡಸರ ಮೇಲೆ ಮಾಡಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಆರು ವಾರ ಅರ್ಧ ಮಂದಿಗೆ ಕಪ್ಪು ಚಹಾ, ಉಳಿದವರಿಗೆ ಅದೇ ರುಚಿಯ ಬೇರೆ ಪೇಯ ಕೊಟ್ಟರು. ಆಮೇಲೆ ಬೇಕಂತಲೇ ಒತ್ತಡದ ಕೆಲಸ ಮಾಡಿಸಿದರು. ಎದೆಬಡಿತ, ಬಿಪಿ ಇಬ್ಬರಿಗೂ ಒಂದೇ ರೀತಿ ಏರಿದವು. ಆದರೆ 50 ನಿಮಿಷದ ನಂತರ ಒತ್ತಡದ ಹಾರ್ಮೋನು ಕಾರ್ಟಿಸೋಲ್ ಚಹಾ ಕುಡಿದವರಲ್ಲಿ ಶೇ. 47ರಷ್ಟು ಇಳಿದಿತ್ತು, ಉಳಿದವರಲ್ಲಿ ಶೇ. 27ರಷ್ಟು. ಅಂದರೆ ಚಹಾ ಒತ್ತಡ ಬರುವುದನ್ನು ತಡೆಯಲಿಲ್ಲ. ಬಂದು ಹೋದ ಮೇಲೆ ಮೈ ಬೇಗ ಶಾಂತವಾಗಲು ಸಹಾಯ ಮಾಡಿತು. ನಮ್ಮ ಹಾಲು-ಸಕ್ಕರೆ ಚಹಾಕ್ಕೆ ಈ ಅಂಕಿಗಳನ್ನು ಹಾಗೇ ಹಚ್ಚಲು ಬರುವುದಿಲ್ಲ. ಆದರೂ ನನ್ನ ಸಲಹೆ ಇದೇ: ಗಡಿಬಿಡಿಯ ನಡುವೆ ಅಲ್ಲ, ಒಂದು ಕೆಲಸ ಮುಗಿದ ಮೇಲೆ ಕುಡಿಯಿರಿ. ಬ್ಯಾಂಕಿನವರು ಕ್ಯಾಶ್ ಟ್ಯಾಲಿ ಆದ ಮೇಲೆ, ಮಾಸ್ತರರು ಕೊನೆಯ ಪೀರಿಯಡ್ ಮುಗಿಸಿ ಗಾಡಿ ಹತ್ತುವ ಮುಂಚೆ.

ಈಗ ಎಲ್ಲ ಕಡೆ ಮೈಂಡ್‌ಫುಲ್‌ನೆಸ್, ಅಂದರೆ ಈ ಗಳಿಗೆಯಲ್ಲೇ ಮನಸ್ಸಿಡುವ ಅಭ್ಯಾಸ, ಅನ್ನುತ್ತಾರಲ್ಲ, ಅದನ್ನು ಆಸ್ಪತ್ರೆಯ ಚಿಕಿತ್ಸೆಯೊಳಗೆ ತಂದವರು ಅಮೆರಿಕದ ಜಾನ್ ಕಬಾಟ್-ಜಿನ್. 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಶುರು ಮಾಡಿದರು. ಅವರ ತರಬೇತಿಯ ಹೆಸರಾದ ಪಾಠ ಒಂದು ಒಣದ್ರಾಕ್ಷಿ ತಿನ್ನುವುದು. ನೋಡಬೇಕು, ಮೂಸಬೇಕು, ನಿಧಾನ ಅಗಿಯಬೇಕು. ವಿಜಯಪುರದಲ್ಲಿ ಇದು ನಡೆಯುವುದಿಲ್ಲ. ಇಲ್ಲಿಯವರ ಕೈಗೆ ಒಣದ್ರಾಕ್ಷಿ ಕೊಟ್ಟರೆ ಬಣ್ಣ ನೋಡಿ ಕಿಲೋಗೆ ಎಷ್ಟು ಬಂದೀತು ಅಂತ ಲೆಕ್ಕ ಹಾಕುತ್ತಾರೆ. ಎಷ್ಟೋ ಮಂದಿಗೆ ಚಿಂತೆ ಶುರುವಾಗುವುದೇ ಅಲ್ಲಿಂದ. ಅದಕ್ಕೇ ನಾನು ಚಹಾ ಹಿಡಿದೆ.

ಚಹಾ ಅಂದರೆ ಬಸಿ, ಕಪ್ಪಿನ ಕೆಳಗಿಡುವ ತಟ್ಟೆ. ನಮ್ಮ ಹಿರಿಯರು ಬಸಿಗೆ ಸುರಿದುಕೊಂಡೇ ಕುಡಿಯುತ್ತಿದ್ದರು. ಈಗಿನ ಹುಡುಗರಿಗೆ ಅದು ನಾಚಿಕೆ. ನನಗಂತೂ ಅದಕ್ಕಿಂತ ಒಳ್ಳೆಯ ಸಾಧನ ಇನ್ನೂ ಸಿಕ್ಕಿಲ್ಲ. ಅರ್ಧ ಬಸಿ ಸುರಿಯಿರಿ. ಚೆಲ್ಲಬಾರದು ಅಂದರೆ ಎರಡೂ ಕೈ ಬೇಕು, ಮೊಬೈಲ್ ತಾನಾಗಿ ಕೆಳಗೆ ಹೋಗುತ್ತದೆ. ಬೆರಳ ತುದಿಗೆ ಅಂಚಿನ ಬಿಸಿ ತಾಕುತ್ತದೆ. ಶುಂಠಿ ಹಾಕಿದ್ದರೆ ಹಬೆಯಲ್ಲೇ ಅದರ ವಾಸನೆ ಬರುತ್ತದೆ. ಊದಿದಾಗ ಕೆನೆ ಸುಕ್ಕಾಗಿ ಆ ಕಡೆ ಅಂಚಿಗೆ ಸರಿಯುತ್ತದೆ, ಬಿಟ್ಟಾಗ ಮತ್ತೆ ಹರಡುತ್ತದೆ. ಇಷ್ಟನ್ನು ನೋಡಿದರೆ ಸಾಕು.

ಊದುವುದರಲ್ಲೂ ಲಾಭ ಇದೆ. ಊದುವುದು ಅಂದರೆ ಉಸಿರನ್ನು ಉದ್ದಕ್ಕೆ ಬಿಡುವುದೇ ಅಲ್ವಾ? ಉಸಿರು ಬಿಡುವಾಗ ಎದೆಬಡಿತ ಸ್ವಲ್ಪ ನಿಧಾನವಾಗುತ್ತದೆ. ಬಸಿಯಲ್ಲಿ ಚಹಾ ಬೇಗ ಆರುವುದೂ ಒಳ್ಳೆಯದೇ. 65 ಡಿಗ್ರಿಗಿಂತ ಬಿಸಿಯಾದ ಪೇಯಗಳು ಅನ್ನನಾಳದ ಕ್ಯಾನ್ಸರಿಗೆ ಕಾರಣ ಆಗಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ ಹೇಳಿದೆ.

ನಡುವೆ ಮನಸ್ಸು ಸಾಲಕ್ಕೆ, ಮಗಳ ಪರೀಕ್ಷೆಗೆ ಓಡಿಹೋಗುತ್ತದೆ. ಓಡಲಿ. ಗೊತ್ತಾದ ಕೂಡಲೇ ಮತ್ತೆ ಬಸಿಗೆ ಬನ್ನಿ. "ನನ್ನ ಕೈಲಿ ಆಗಲ್ರಿ, ಮನಸ್ಸು ನಿಲ್ಲೂದಿಲ್ಲ" ಅಂತ ಎರಡೇ ದಿನಕ್ಕೆ ಬಿಡುವವರು ಬಹಳ. ನಿಲ್ಲಿಸಿ ಅಂತ ನಾನು ಹೇಳುವುದೇ ಇಲ್ಲ. ಹೋಗಿದ್ದು ಗೊತ್ತಾಗಿ ವಾಪಸ್ ಬಂದರೆ ಅಭ್ಯಾಸ ಸರಿಯಾಗಿದೆ ಅಂತಲೇ ಅರ್ಥ.

ಇದನ್ನು ಕೇಳಿ ಕಪ್ಪುಗಳ ಸಂಖ್ಯೆ ಏರಿಸಬೇಡಿ. ಈಗ ಕುಡಿಯುವುದರಲ್ಲೇ ಒಂದನ್ನು ಹೀಗೆ ಕುಡಿಯಿರಿ, ಉಳಿದವುಗಳಲ್ಲಿ ಒಂದೆರಡು ಬಿಡಿ. ಚಹಾದ ಕೆಫೀನ್ ಅರ್ಧದಷ್ಟು ಇಳಿಯಲು ಸುಮಾರು ಐದು ತಾಸು ಬೇಕು. ಸಂಜೆ ಆರರ ಚಹಾ ರಾತ್ರಿ ಹನ್ನೊಂದಕ್ಕೂ ಮೈಯಲ್ಲಿ ಇರುತ್ತದೆ. ನಿದ್ದೆ ಕೆಟ್ಟವರು, ಒಮ್ಮೆಲೇ ಎದೆ ಡವಡವ ಹೊಡೆದುಕೊಳ್ಳುವವರು ಇದನ್ನು ನೆನಪಿಡಬೇಕು. ಸಕ್ಕರೆ ದಿನಕ್ಕೆ 25 ಗ್ರಾಂ, ಅಂದರೆ ಸುಮಾರು ಆರು ಚಮಚದೊಳಗೆ ಇದ್ದರೆ ಒಳ್ಳೆಯದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಹಾಲಿಂಗಪುರದ ಬೆಲ್ಲ ಹಾಕಿದರೂ ಲೆಕ್ಕ ಅದೇ. ಊಟದ ಜೊತೆ ಚಹಾ ಬೇಡ, ಊಟದಲ್ಲಿನ ಕಬ್ಬಿಣದ ಅಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ರಕ್ತ ಕಡಿಮೆ ಇರುವ ಹೆಣ್ಣುಮಕ್ಕಳು ಒಂದು ತಾಸಾದರೂ ಅಂತರ ಇಡಿ.

ಹೆಣ್ಣುಮಕ್ಕಳ ಮಾತು ಬಂದಾಗ ನನಗೆ ನಿಜಕ್ಕೂ ಸಂಕಟ ಆಗುತ್ತದೆ. ಮನೆಯಲ್ಲಿ ಎಲ್ಲರಿಗೂ ಚಹಾ ಮಾಡುವವಳು ಕೊನೆಗೆ ಪಾತೇಲಿಯಲ್ಲಿ ಉಳಿದಿದ್ದನ್ನು ಒಲೆ ಮುಂದೆ ನಿಂತೇ ಕುಡಿಯುತ್ತಾಳೆ. ಅದೂ ಆರಿದ ಚಹಾ. ಬನಹಟ್ಟಿಯ ನೇಕಾರರ ಮನೆಯ ಸೊಸೆಯೊಬ್ಬರಿಗೆ ಬಸಿಯ ಅಭ್ಯಾಸ ಹೇಳಿದೆ. "ಕುಂತ್ರ ಅತ್ತಿ ಏನಂತಾರ್ರಿ ಅಕ್ಕಾರ?" ಅಂದರು. ಅತ್ತೆಯನ್ನೂ ಕರೆದುಕೊಂಡು ಬನ್ನಿ ಎಂದೆ. ಬಂದರು. ಮಗ್ಗದ ಸಪ್ಪಳದಲ್ಲೇ ಬಾಳಿದ ಆ ಹಿರಿಯಾಕೆಗೆ ಬೈಯುವ ಮನಸ್ಸೇನೂ ಇರಲಿಲ್ಲ. "ನನಗೂ ಯಾರೂ ಕುಂತು ಕುಡಿ ಅಂದಿಲ್ಲವಾ" ಎಂದರು. ಈಗ ಮಧ್ಯಾಹ್ನ ಮಗ್ಗ ನಿಂತಾಗ ಇಬ್ಬರೂ ಒಟ್ಟಿಗೆ ಕೂರುತ್ತಾರೆ. ಗಂಡಸರಿಗೆ ನಾನು ಹೇಳುವುದು ನೇರ ಮಾತು: ಸಂಜೆಯ ಚಹಾ ನೀವು ಮಾಡಿ, ಅವರನ್ನು ಕೂರಿಸಿ ಕೊಡಿ.

ಚಹಾದಿಂದ ಆಗದ ಕೆಲಸವೂ ಇದೆ. ಎರಡು ವಾರವಾದರೂ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಯಾವುದೂ ಬೇಡ ಅನಿಸುತ್ತಿದೆ ಎಂದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಸಾಯುವ ವಿಚಾರ ಬಂದರೆ ಎರಡು ವಾರ ಕಾಯುವುದು ಬೇಡ. ಅದೇ ಗಳಿಗೆ ಮನೆಯವರಿಗೆ ಹೇಳಿ, ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಸರಕಾರದ ಸಹಾಯವಾಣಿ ಇದು, ಹಣ ಕೊಡಬೇಕಿಲ್ಲ. ಹಗಲು ರಾತ್ರಿ ಯಾವಾಗಲಾದರೂ ಕನ್ನಡದಲ್ಲೇ ಮಾತಾಡಬಹುದು.