ಬಾನೆಟ್ ಎತ್ತುವ ಮುಂಚೆ ಸೀಟ್ ಬೆಲ್ಟ್ ಎಳೆದು ನೋಡಿ

ಹಳೆ ಕಾರು ನೋಡಿ ಕೊಡಿ ಎಂದು ನಮ್ಮ ಗ್ಯಾರೇಜಿಗೆ ಬರುವವರು ಮೊದಲು ಕೇಳುವುದು ಇಂಜಿನ್ ಬಗ್ಗೆ. ನಾನು ಇಂಜಿನ್ ನೋಡುವುದು ಕೊನೆಗೆ. ವ್ಯಾಗನ್ ಆರ್, ಆಲ್ಟೊ, ಸ್ವಿಫ್ಟ್, ಐ10 ಇಂಥ ಸಣ್ಣ ಪೆಟ್ರೋಲ್ ಕಾರುಗಳ ಇಂಜಿನ್ ಗಟ್ಟಿ. ಹೊತ್ತಿಗೆ ಸರಿಯಾಗಿ ಆಯಿಲ್ ಬದಲಾಯಿಸಿದ್ದರೆ ಒಂದೂವರೆ ಲಕ್ಷ ಕಿಲೋಮೀಟರ್ ಆರಾಮಾಗಿ ಓಡುತ್ತವೆ. ಕ್ಲಚ್ ಪ್ಲೇಟ್ ಸವೆದಿದ್ದರೆ, ಲೋವರ್ ಆರ್ಮ್ ಬುಷ್ ಹೋಗಿದ್ದರೆ, ಶಾಕ್ ಅಬ್ಸಾರ್ಬರ್ ಸೋರುತ್ತಿದ್ದರೆ ಹೆದರಬೇಕಾಗಿಲ್ಲ. ಖರ್ಚು ಲೆಕ್ಕ ಹಾಕಿ ರೇಟಿನಲ್ಲಿ ಕಳೆಯಬಹುದು. ಆದರೆ ನೀರಲ್ಲಿ ಮುಳುಗಿದ ಕಾರು, ದೊಡ್ಡ ಆಕ್ಸಿಡೆಂಟಿನಲ್ಲಿ ಬಾಡಿ ಸೊಟ್ಟಗಾದ ಕಾರು, ಕಾಗದಪತ್ರ ನೆಟ್ಟಗಿಲ್ಲದ ಕಾರು, ಇವು ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ ಅನ್ನುತ್ತೇನೆ.

2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಂಗಳೂರಿನ ಬೆಳ್ಳಂದೂರು, ಯಮಲೂರು ಕಡೆ ಕಾರುಗಳು ಮುಳುಗಿದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿದ್ದೇವೆ. ಮುಳುಗಿದ್ದೆಲ್ಲ ಗುಜರಿಗೆ ಹೋಗುವುದಿಲ್ಲ. ತೊಳೆದು, ಒಣಗಿಸಿ, ಹೊಸ ಸೀಟ್ ಕವರ್ ಹಾಕಿಕೊಂಡು ಬೇರೆ ಊರಿಗೆ ಮಾರಾಟಕ್ಕೆ ಬರುವವೂ ಇವೆ.

ನಮ್ಮ ಊರಿನ ಹೈಸ್ಕೂಲ್ ಮೇಷ್ಟ್ರೊಬ್ಬರು ಬೆಂಗಳೂರಿನಿಂದ 2018ರ ವ್ಯಾಗನ್ ಆರ್ ತಂದಿದ್ದರು. ಒಬ್ಬರೇ ಓನರ್, ಮೀಟರಿನಲ್ಲಿ 41,000 ಕಿಲೋಮೀಟರ್. ಪಾಲಿಶ್ ಹೊಡೆದು ಫಳಫಳ ಅನ್ನುತ್ತಿತ್ತು. ಮೂರನೇ ತಿಂಗಳಿಗೆ ಪವರ್ ವಿಂಡೋ ನಿಂತಿತು. ಆಮೇಲೆ ಹಾರ್ನ್. ಆಮೇಲೆ ಒಂದು ದಿನ ಸ್ಟಾರ್ಟೇ ಆಗಲಿಲ್ಲ. "ಬ್ಯಾಟರಿ ಇರಬೇಕು ಅಲ್ವಾ?" ಅಂದರು. ನಾನು ಡ್ರೈವರ್ ಕಡೆಯ ಸೀಟ್ ಬೆಲ್ಟನ್ನು ನಿಧಾನವಾಗಿ ಪೂರ್ತಿ ಎಳೆದೆ. ನಾವು ದಿನಾ ಹಾಕಿಕೊಳ್ಳುವಾಗ ಬೆಲ್ಟ್ ಪೂರ್ತಿ ಹೊರಗೆ ಬರುವುದಿಲ್ಲ. ಕೊನೆಯ ಒಂದು ಮೊಳ ಪಿಲ್ಲರ್, ಅಂದರೆ ಬಾಗಿಲ ಪಕ್ಕದ ಕಂಬದ ಒಳಗೆ ಸುರುಳಿಯಲ್ಲೇ ಉಳಿಯುತ್ತದೆ. ಕಾರು ತೊಳೆಯುವವರ ಕೈ ಅಲ್ಲಿಗೆ ಹೋಗುವುದಿಲ್ಲ. ಆ ಒಂದು ಮೊಳ ಕೆಂಚಗಾಗಿತ್ತು. ಉಗುರಲ್ಲಿ ಕೆರೆದರೆ ನುಣ್ಣನೆ ಮಣ್ಣು ಉದುರಿತು. ಮ್ಯಾಟ್ ಎತ್ತಿದೆ, ಸೀಟಿನ ಬೋಲ್ಟುಗಳಿಗೆಲ್ಲ ತುಕ್ಕು. ಡ್ಯಾಶ್‌ಬೋರ್ಡ್ ಕೆಳಗೆ ಒಂದು ಕನೆಕ್ಟರ್ ಬಿಚ್ಚಿದೆ, ತಾಮ್ರದ ಚೊಂಬಿಗೆ ಹಿಡಿಯುವಂಥ ಹಸಿರು ಕಿಲುಬು. ಮೇಷ್ಟ್ರು ಸುಮ್ನೆ ನಿಂತರು. ಮಗಳ ಕಾಲೇಜಿಗೆ ಎಂದು ಎತ್ತಿಟ್ಟಿದ್ದ ದುಡ್ಡು ಅದು. ಇಂಥ ವೈರಿಂಗ್ ಇವತ್ತು ಒಂದು ಕಡೆ ಸರಿ ಮಾಡಿದರೆ ನಾಳೆ ಇನ್ನೊಂದು ಕಡೆ ಕೈಕೊಡುತ್ತದೆ.

ಹಾಗಾಗಿ ಯಾವ ಕಾರಾದರೂ ಮೊದಲು ಬೆಲ್ಟ್ ಎಳೆಯಿರಿ. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಅದರ ಗುಂಡಿಯಲ್ಲಿ ಕೈಯಾಡಿಸಿ. ಕಿಟಕಿ ಮುಚ್ಚಿ ಐದು ನಿಮಿಷ ಒಳಗೆ ಕೂತುಕೊಳ್ಳಿ. ಒದ್ದೆ ಗೋಣಿಚೀಲದಂಥ ವಾಸನೆ ಬಂದರೆ, ಅಥವಾ ಅದನ್ನು ಮುಚ್ಚೋಕೆ ಪರ್ಫ್ಯೂಮ್ ಜಾಸ್ತಿ ಹೊಡೆದಿದ್ದರೆ, ಅನುಮಾನ ಪಡಿ. ಮಂಗಳೂರು, ಉಡುಪಿ ಕಡೆಯ ಕಾರಿಗೆ ಉಪ್ಪು ಗಾಳಿಯ ತುಕ್ಕು ಬೇರೆ. ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡನ್ನು ಬಗ್ಗಿ ನೋಡಿ.

ಇನ್ನು ಆಕ್ಸಿಡೆಂಟ್. ಫೆಂಡರ್ (ಮುಂದಿನ ಚಕ್ರದ ಮೇಲಿನ ತಗಡು), ಬಾನೆಟ್‌ನ ಬೋಲ್ಟ್ ತಲೆಗಳನ್ನು ಗಮನಿಸಿ. ಕಂಪನಿಯಲ್ಲಿ ಅವುಗಳ ಮೇಲೂ ಬಾಡಿಯ ಬಣ್ಣವೇ ಇರುತ್ತದೆ. ಸ್ಪ್ಯಾನರ್ ಬಿದ್ದಿದ್ದರೆ ಮೂಲೆಗಳಲ್ಲಿ ಬಣ್ಣ ಎದ್ದಿರುತ್ತದೆ. ಅಷ್ಟಕ್ಕೇ ಕಾರು ಬಿಡಬೇಡಿ. ಬೆಂಗಳೂರು ಟ್ರಾಫಿಕ್ಕಿನಲ್ಲಿ ಫೆಂಡರ್‌ಗೆ ಪೆಟ್ಟು ಬೀಳದ ಕಾರು ಅಪರೂಪ. ಒಳಗಿನ ಏಪ್ರನ್ (ಬಾನೆಟ್ ಕೆಳಗೆ ಇಂಜಿನ್ ಪಕ್ಕದ ಬಾಡಿ ತಗಡು) ಮತ್ತು ಪಿಲ್ಲರ್ ಮುಖ್ಯ. ಬಾಗಿಲ ರಬ್ಬರ್ ಬೀಡಿಂಗನ್ನು ಸ್ವಲ್ಪ ಕಿತ್ತರೆ ಅಂಚಿನಲ್ಲಿ ಸ್ಪಾಟ್ ವೆಲ್ಡಿಂಗಿನ ಗುಂಡು ಗುರುತುಗಳು ಸಾಲಾಗಿ ಕಾಣುತ್ತವೆ. ಸಾಲು ತಪ್ಪಿ ಪುಟ್ಟಿ ಮೆತ್ತಿದ್ದರೆ, ಕೈಯಲ್ಲಿ ವೆಲ್ಡಿಂಗ್ ಮಾಡಿದ ಉಬ್ಬುತಗ್ಗು ಇದ್ದರೆ, ಆ ಬಾಡಿ ಒಮ್ಮೆ ಮುರಿದಿದೆ ಎಂದರ್ಥ. ಇನ್ನೊಂದು ಪೆಟ್ಟು ಬಿದ್ದರೆ ಒಳಗಿದ್ದವರನ್ನು ಅದು ಕಾಪಾಡುತ್ತದೆ ಅನ್ನೋ ನಂಬಿಕೆ ನನಗಿಲ್ಲ.

ಕೀ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಹತ್ತಿ, ಕೆಲವೇ ಸೆಕೆಂಡಿನಲ್ಲಿ ಆರಬೇಕು. ಹತ್ತಲೇ ಇಲ್ಲ ಅಂದರೆ ಯಾರೋ ಆ ದೀಪವನ್ನೇ ತೆಗೆದುಹಾಕಿರಬಹುದು. ವರ್ಷದ ಬಗ್ಗೆಯೂ ಒಂದು ಮಾತು. ಎಬಿಎಸ್, ಅಂದರೆ ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ವ್ಯವಸ್ಥೆ, ಎಲ್ಲ ಹೊಸ ಕಾರುಗಳಿಗೆ ಕಡ್ಡಾಯವಾಗಿದ್ದು 2019ರ ಏಪ್ರಿಲ್‌ನಲ್ಲಿ, ಡ್ರೈವರ್ ಏರ್‌ಬ್ಯಾಗ್ ಅದೇ ವರ್ಷ ಜುಲೈನಲ್ಲಿ. ಅದಕ್ಕೂ ಹಿಂದಿನ ಕಡಿಮೆ ಬೆಲೆಯ ಮಾಡೆಲ್‌ಗಳಲ್ಲಿ ಎಷ್ಟೋ ಸಲ ಎರಡೂ ಇರುವುದಿಲ್ಲ. ಇಪ್ಪತ್ತು ಮೂವತ್ತು ಸಾವಿರ ಜಾಸ್ತಿಯಾದರೂ ಆಮೇಲಿನದ್ದನ್ನೇ ತಗೊಳ್ಳಿ. ಮನೆಯವರನ್ನೆಲ್ಲ ಕೂರಿಸಿಕೊಂಡು ಹೋಗುವ ಗಾಡಿ ಅದು.

ಮೀಟರನ್ನು ನಾನು ನಂಬುವುದಿಲ್ಲ. ಬ್ರೇಕ್ ಪೆಡಲಿನ ರಬ್ಬರ್ ನಂಬುತ್ತೇನೆ. 40,000 ಓಡಿದ ಕಾರಿನ ಪೆಡಲ್ ಅಂಚು ನುಣ್ಣಗೆ ಸವೆದಿರುವುದಿಲ್ಲ. ಕಂಪನಿ ಸರ್ವಿಸ್ ಸೆಂಟರಿನ ಹಳೆ ಬಿಲ್ಲುಗಳನ್ನು ಕೇಳಿ. ಪ್ರತಿ ಬಿಲ್ಲಿನಲ್ಲೂ ಅವತ್ತಿನ ಕಿಲೋಮೀಟರ್ ಬರೆದಿರುತ್ತದೆ. ಹಳದಿ ಬೋರ್ಡಿನಿಂದ ಬಿಳಿ ಬೋರ್ಡಿಗೆ ಬದಲಾದ ಗಾಡಿಯೋ ಎಂದೂ ವಿಚಾರಿಸಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು.

ಇಂಜಿನ್ ನೋಡೋಕೆ ಬೆಳಿಗ್ಗೆ ಹೋಗಿ. ಬರುವವರೆಗೂ ಸ್ಟಾರ್ಟ್ ಮಾಡಬೇಡಿ ಎಂದು ಹಿಂದಿನ ದಿನವೇ ಹೇಳಿ. ಹೋದ ಕೂಡಲೇ ಬಾನೆಟ್ ಮೇಲೆ ಕೈ ಇಡಿ. ಬಿಸಿ ಇದ್ದರೆ ಏನೋ ಮುಚ್ಚಿಡುತ್ತಿದ್ದಾರೆ ಎಂದುಕೊಂಡು ಇನ್ನೊಂದು ದಿನ ಹೋಗಿ. ತಣ್ಣಗಿದ್ದಾಗಲೇ ಆಯಿಲ್ ಮುಚ್ಚಳ ತೆಗೆಯಿರಿ. ಒಳಗಡೆ ಹಾಲಿನ ಕೆನೆಯಂಥದ್ದು ದಪ್ಪಗೆ ಅಂಟಿದ್ದರೆ ಆಯಿಲಿಗೆ ನೀರು ಸೇರುತ್ತಿರಬಹುದು, ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ತಲೆಭಾಗದ ಕೆಳಗೆ ಕೂರುವ ಸೀಲು) ಮೆಕ್ಯಾನಿಕ್‌ಗೆ ತೋರಿಸಬೇಕು. ಸ್ಟಾರ್ಟ್ ಆದಾಗ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಓಡಿಸುವಾಗ ಏರಿನಲ್ಲಿ ಆಕ್ಸಿಲರೇಟರ್ ಒತ್ತಿ. ಇಂಜಿನ್ ಕೂಗಿಕೊಂಡು ಗಾಡಿ ಮುಂದೆ ಹೋಗದಿದ್ದರೆ ಕ್ಲಚ್ ಮುಗಿದಿದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನ ಓಡಿಸುವಾಗ ಟಕ್ ಟಕ್ ಅಂದರೆ ಡ್ರೈವ್ ಶಾಫ್ಟ್, ಅಂದರೆ ಚಕ್ರ ತಿರುಗಿಸುವ ರಾಡು, ಸವೆದಿದೆ. ಹಳೆ ಸ್ಯಾಂಟ್ರೋ, 1.1 ಇಂಜಿನ್ನಿನ ಐ10 ಆದರೆ ಟೈಮಿಂಗ್ ಬೆಲ್ಟ್ (ಇಂಜಿನ್ ವಾಲ್ವ್‌ಗಳನ್ನು ಓಡಿಸುವ ರಬ್ಬರ್ ಬೆಲ್ಟ್) ಯಾವಾಗ ಬದಲಾಯಿಸಿದ್ದು ಕೇಳಿ. ಬಿಲ್ ಇಲ್ಲದಿದ್ದರೆ ತಂದ ವಾರವೇ ಹೊಸದು ಹಾಕಿಸಿ.

ಕಾಗದದ ಕೆಲಸಕ್ಕೆ ಅವಸರ ಬೇಡ. ಚಾಸಿ ನಂಬರ್ 17 ಅಕ್ಷರ, ಗಾಡಿಯಲ್ಲಿ ಕೊರೆದದ್ದನ್ನೂ ಆರ್‌ಸಿಯಲ್ಲಿ ಇರುವುದನ್ನೂ ಒಂದೊಂದಾಗಿ ಓದಿ ಹೋಲಿಸಿ. ಆರ್‌ಟಿಒದಲ್ಲಿ ಬಿ ಎಕ್ಸ್‌ಟ್ರಾಕ್ಟ್, ಅಂದರೆ ಗಾಡಿಯ ನೋಂದಣಿ ದಾಖಲೆಯ ಪ್ರತಿ, ತೆಗೆಸಿ. ಸಾಲದ ನಮೂದು ಇದ್ದರೆ ಬ್ಯಾಂಕಿನ ಎನ್‌ಒಸಿ (ಆಕ್ಷೇಪ ಇಲ್ಲ ಎಂಬ ಪತ್ರ) ಮತ್ತು ಆ ನಮೂದು ತೆಗೆಸುವ ಫಾರ್ಮ್ 35 ಬೇಕು. ಸಾಲ ತೀರಿದೆ ಅನ್ನೋ ಬಾಯಿಮಾತು ಸಾಲದು. ಬಾಕಿ ಟ್ರಾಫಿಕ್ ದಂಡವನ್ನು ಮಾರುವವರಿಂದಲೇ ಕಟ್ಟಿಸಿ. ಬೇರೆ ರಾಜ್ಯದ ಗಾಡಿ ಅಗ್ಗ ಕಂಡರೂ, ಇಲ್ಲಿ ಲೈಫ್ ಟ್ಯಾಕ್ಸ್ ಕಟ್ಟಿ ನಂಬರ್ ಮಾಡಿಸುವ ಖರ್ಚನ್ನು ಸೇರಿಸಿ ಲೆಕ್ಕ ಹಾಕಿ.

ಹೆಸರು ಬದಲಾವಣೆಯ ಫಾರ್ಮ್ 29, ಫಾರ್ಮ್ 30ಕ್ಕೆ ಸಹಿ ಆದ ಮೇಲೆ ಪೂರ್ತಿ ದುಡ್ಡು ಕೊಡಿ. ಕೊಂಡವರು 30 ದಿನದೊಳಗೆ ಹೆಸರು ಬದಲಾವಣೆಗೆ ಅರ್ಜಿ ಹಾಕಬೇಕು. ಇನ್ಶೂರೆನ್ಸ್ ಕಂಪನಿಗೆ 14 ದಿನದೊಳಗೆ ತಿಳಿಸಬೇಕು. ನೋ ಕ್ಲೈಮ್ ಬೋನಸ್, ಅಂದರೆ ಕ್ಲೈಮ್ ಮಾಡದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಹಳೆ ಓನರ್ ಜೊತೆಗೇ ಹೋಗುತ್ತದೆ, ನಿಮಗೆ ಬರುವುದಿಲ್ಲ. ಅದರ ವ್ಯತ್ಯಾಸ ಕಟ್ಟೋಕೆ ಕೈಯಲ್ಲಿ ಸ್ವಲ್ಪ ದುಡ್ಡು ಉಳಿಸಿಕೊಂಡೇ ವ್ಯಾಪಾರ ಮುಗಿಸಿ.